ವಿಮಾನದ ಎಲುಬಿಗೆ ಬೆಸುಗೆ

ಎರಡು ವರ್ಷಗಳ ಹಿಂದಿನ ಮಾತು. ಬೆಳಗಿನ ಒಂಬತ್ತು ಗಂಟೆಯ ಹೊತ್ತು. ಶಾಲೆಗೆಂದು ಹೊರಟಿದ್ದ ನನ್ನ ಸೈಕಲ್ಲು ಮಾಧವರಂ ಊರು ಇನ್ನೂ ಒಂದು ಮೈಲಿ ದೂರವಿರುವಾಗಲೇ ನಡುದಾರಿಯಲ್ಲಿ ಎರಡಾಗಿ ಮುರಿದು ಬಿತ್ತು. ಮುಂದಿನ ಗಾಲಿ ಹ್ಯಾಂಡಲ್ಲಿನೊಡನೆ ಒಂದು ಕಡೆ, ಉಳಿದ ಸೈಕಲ್ಲು ನನ್ನೊಡನೆ ಇನ್ನೊಂದು ಕಡೆ. ಹಿಂದಿನಿಂದ ಹತ್ತಿಯ ಮೂಟೆ ಹೇರಿಕೊಂಡು ಬರುತ್ತಿದ್ದ ಲಾರಿಯ ಚಾಲಕ ಸಮಯಕ್ಕೆ ಬ್ರೇಕು ಹಾಕಿದ್ದರಿಂದ ಈ ಲೇಖನ ಬರೆಯಲು ಉಳಿದಿದ್ದೇನೆ. ಎಡಗೈಯ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರು ಹಾಕಿಸಿಕೊಳ್ಳಬೇಕಾಯಿತು.

ಮುರಿದ ಜಾಗಕ್ಕೆ ಹದಿನೈದು ದಿನ ಮೊದಲಷ್ಟೇ ದಾರಿಬದಿಯ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಮಾಡಿಸಿದ್ದೆ. ನೋಡಲು ಬೆಸುಗೆ ದಪ್ಪವಾಗಿ, ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಆಶ್ಚರ್ಯದ ಸಂಗತಿಯೆಂದರೆ ಆ ಬೆಸುಗೆಯ ಗಂಟು ಇದ್ದಹಾಗೆಯೇ ಇತ್ತು. ಅದರ ಅಂಚಿಗೆ ಒತ್ತಿಕೊಂಡಿದ್ದ ಕೊಳವೆ ಮಾತ್ರ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಿತ್ತು.

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಐ.ಟಿ.ಐ.ನಲ್ಲಿ ವೆಲ್ಡರ್ ತರಬೇತಿ ಪಡೆದ ಹುಡುಗನೊಬ್ಬ ನನ್ನನ್ನು ನೋಡಲು ಮನೆಗೆ ಬಂದ. ಜಗಲಿಯಲ್ಲಿ ಒರಗಿಸಿಟ್ಟಿದ್ದ ಸೈಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದವನೇ, “ಸಾರ್, ಸೈಕಲ್ಲಿಗೆ ಕಂಪನ್ಯಾಗ ಹಿತ್ತಾಳೆ ಬೆಸುಗಿ ಹಾಕಿರ್ತಾರ್ರೀ. ಅದರ ಮ್ಯಾಲೆ ಕರೆಂಟ್ ವೆಲ್ಡಿಂಗ್ ಹಿಡಿಯಂಗಿಲ್ಲ. ಹಿತ್ತಾಳಿ ಕರಗಿ ಉಕ್ಕಿನ ಒಳಗ ಇಳಿದು ಸಣ್ಣ ಸಣ್ಣ ಬಿರುಕು ಬಿಡ್ತಾವ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದ: “ಬೆಂಗಳೂರಾಗ ಹಳೇ ವಿಮಾನ ರಿಪೇರಿ ಮಾಡೋ ಶೆಡ್ಡಿಗೆ ನನ್ನ ಪರೀಕ್ಷೆಗೆ ಕರದಾರ್ರೀ. ಅದೂ ಸೈಕಲ್ಲಿನಂಗ ಪೈಪಿಂದಾ ಐತಂತ. ಅದಕ್ಕ ಯಾವ ರಾಡ್ ಹಾಕ್ತಾರ್ರೀ ಸಾರ್?”

ಗಣಿತ ಮತ್ತು ವಿಜ್ಞಾನ ಕಲಿಸುವ ನನಗೆ ಉತ್ತರ ಗೊತ್ತಿರಲಿಲ್ಲ. ಅವನಿಗಾಗಿ ಇಂಗ್ಲಿಷಿನ ಕೈಪಿಡಿಗಳನ್ನು ತರಿಸಿ, ಓದಿ, ಕನ್ನಡದಲ್ಲಿ ಟಿಪ್ಪಣಿ ಮಾಡಿದೆ. ಆ ಟಿಪ್ಪಣಿಯೇ ಈ ಲೇಖನಕ್ಕೆ ಮೂಲ. ಕೆಲಸ ಕಲಿಯುವ ಹುಡುಗರಿಗೂ, ವಿಮಾನ ಹಾರುವುದನ್ನು ಕತ್ತೆತ್ತಿ ನೋಡಿ ಸಂತೋಷಪಡುವ ಎಲ್ಲರಿಗೂ ಇದು ಉಪಯೋಗವಾದೀತೆಂಬ ನಂಬಿಕೆ ನನ್ನದು.

ಬಟ್ಟೆ ಹೊದ್ದ ಉಕ್ಕಿನ ಪಂಜರ

ವಿಮಾನವೆಂದೊಡನೆ ಥಳಥಳಿಸುವ ಅಲ್ಯೂಮಿನಿಯಂ ಹಕ್ಕಿಯೇ ನಮ್ಮ ಕಣ್ಣ ಮುಂದೆ ಬರುತ್ತದೆ. ದೊಡ್ಡ ವಿಮಾನಗಳ ಮಟ್ಟಿಗೆ ಇದು ನಿಜ. ಆದರೆ ಹಾರಾಟ ಕಲಿಸುವ, ಹೊಲಗಳಿಗೆ ಔಷಧಿ ಸಿಂಪಡಿಸುವ ಸಣ್ಣ ವಿಮಾನಗಳಲ್ಲಿ ಬಹಳಷ್ಟರ ಒಡಲು ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರ. ಅದರ ಮೇಲೆ ಬಟ್ಟೆ ಬಿಗಿದು, ‘ಡೋಪ್’ ಎಂಬ ದ್ರವ ಬಳಿದು ಒಣಗಿಸುತ್ತಾರೆ. ಆಗ ಬಟ್ಟೆ ನಗಾರಿಯ ಚರ್ಮದಂತೆ ಬಿಗಿಯಾಗುತ್ತದೆ. ಮೊದಮೊದಲು ಈ ಹೊದಿಕೆಗೆ ಹತ್ತಿ ಅಥವಾ ನಾರಿನ ಬಟ್ಟೆಯನ್ನೇ ಬಳಸುತ್ತಿದ್ದರು. ನಮ್ಮ ಆದವಾನಿಯ ಸುತ್ತಮುತ್ತ ಹತ್ತಿ ಬಿಡಿಸುವ ಕೂಲಿಯವರಿಗೆ ಹತ್ತಿಯ ಬಟ್ಟೆ ಆಕಾಶದಲ್ಲಿ ಹಾರಿತೆಂದು ಹೇಳಿದರೆ ನಕ್ಕಾರು. ಆದರೂ ಅದು ನಡೆದ ಸಂಗತಿ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರಕಾರದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. ಇಂದು ಎಚ್.ಎ.ಎಲ್. ಎಂದು ಎಲ್ಲರೂ ಕರೆಯುವ ಸಂಸ್ಥೆ ಇದೇ. ಜರ್ಮನಿಯಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟ್‌ಲ್ ಅವರ ಬಳಿ ಅಭ್ಯಾಸ ಮಾಡಿ ಬಂದ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿ ‘ಪುಷ್ಪಕ್’ ಎಂಬ ಎರಡು ಸೀಟಿನ ಪುಟ್ಟ ವಿಮಾನ ರೂಪುಗೊಂಡಿತು. 1958ರಲ್ಲಿ ಅದು ಮೊದಲು ಹಾರಿತು. 90 ಅಶ್ವಶಕ್ತಿಯ ಎಂಜಿನ್ನು, ತಲೆಯ ಮೇಲೆ ರೆಕ್ಕೆ, ಬೆಸೆದ ಉಕ್ಕಿನ ಕೊಳವೆಯ ಒಡಲು, ಮೇಲೆ ಬಟ್ಟೆ. ರಾಮಾಯಣದ ಪುಷ್ಪಕ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಕೊಡುತ್ತಿತ್ತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಗುರುವಿಗೊಂದು, ಶಿಷ್ಯನಿಗೊಂದು, ಎರಡೇ ಸೀಟು. ಆದರೆ ನಮ್ಮ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ವೈಮಾನಿಕರು ಹಾರಲು ಕಲಿತದ್ದು ಅದರಲ್ಲಿಯೇ. ಅದೇ ಮಾದರಿಯನ್ನು ಹಿಗ್ಗಿಸಿ ಮಾಡಿದ ‘ಕೃಷಕ್’ 1959ರಲ್ಲಿ ಹೊರಬಂದಿತು, ಮುಂದೆ ಸೈನ್ಯದ ವೀಕ್ಷಣೆಗೆ ಬಳಕೆಯಾಯಿತು. ಅನಂತರ 1972ರಲ್ಲಿ ಬೆಳೆಗಳಿಗೆ ಔಷಧಿ ಸಿಂಪಡಿಸಲೆಂದು ‘ಬಸಂತ್’ ಹೊರಬಂದಿತು. ಅವುಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಆದರೆ ಇಂಥ ಕೊಳವೆಯ ವಿಮಾನಗಳು ಪ್ರಪಂಚದ ನಾನಾ ಕಡೆ ಇಂದಿಗೂ ಹಾರುತ್ತಿವೆ, ಹೊಸದಾಗಿಯೂ ತಯಾರಾಗುತ್ತಿವೆ. ಹಾರುವವರೆಗೆ ಅವುಗಳ ದುರಸ್ತಿಯೂ ಇದ್ದೇ ಇದೆ.

ಈ ವಿದ್ಯೆಯ ಹುಟ್ಟೂ ಒಬ್ಬ ಬೆಸುಗೆಗಾರನ ಕೈಯಿಂದಲೇ ಆಯಿತೆಂಬುದು ಗಮನಾರ್ಹ. ಫ್ರಾನ್ಸಿನ ಫೂಶೆ ಮತ್ತು ಪಿಕಾರ್ ಎಂಬವರು 1903ರ ಸುಮಾರಿಗೆ ಆಮ್ಲಜನಕ ಮತ್ತು ಅಸಿಟಲೀನ್ ಸೇರಿಸಿ ಉರಿಸುವ ಬ್ಲೋಪೈಪನ್ನು ಬಳಕೆಗೆ ತಂದರು. ಜರ್ಮನಿಯಲ್ಲಿ ಈ ಬೆಸುಗೆ ಕಲಿತ ರೈನ್‌ಹೋಲ್ಡ್ ಪ್ಲಾಟ್ಸ್ ಎಂಬ ಕೆಲಸಗಾರ ಫೊಕ್ಕರ್ ಕಾರಖಾನೆಗೆ ಸೇರಿ, ಮರದ ಬದಲು ಉಕ್ಕಿನ ಕೊಳವೆಯಲ್ಲಿ ವಿಮಾನದ ಒಡಲನ್ನು ಬೆಸೆದ. ಮುಂದೆ ಅಲ್ಲಿನ ಮುಖ್ಯ ವಿನ್ಯಾಸಕಾರನೇ ಆದ. 1918ರಲ್ಲಿ ಯುದ್ಧ ಮುಗಿದಾಗ ಜರ್ಮನಿಯು ಒಪ್ಪಿಸಬೇಕಾದ ಆಯುಧಗಳ ಪಟ್ಟಿಯಲ್ಲಿ ಅವನ ಫೊಕ್ಕರ್ ಡಿ-7 ವಿಮಾನವನ್ನು ಹೆಸರು ಹಿಡಿದು ಕೇಳಿದ್ದರೆಂದರೆ ಅದರ ಗುಣವನ್ನು ಊಹಿಸಬಹುದು.

ಮೂರು ಪೋಸ್ಟ್ ಕಾರ್ಡಿನಷ್ಟು ದಪ್ಪ

ಈಗ ಕೊಳವೆಯ ವಿಷಯಕ್ಕೆ ಬರೋಣ. ಲಘು ವಿಮಾನಗಳಲ್ಲಿ ಹೆಚ್ಚಾಗಿ ಬಳಸುವುದು ‘4130’ ಎಂಬ ಅಂಕೆಯಿಂದ ಕರೆಯಲ್ಪಡುವ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು. ಅದರಲ್ಲಿ ಇಂಗಾಲ ಶೇ. 0.3ರಷ್ಟು, ಕ್ರೋಮಿಯಂ ಶೇ. 1ರ ಆಸುಪಾಸು, ಮಾಲಿಬ್ಡಿನಂ ಶೇ. 0.2ರಷ್ಟು. ಸಾಮಾನ್ಯ ಮೃದು ಉಕ್ಕಿಗಿಂತ ಇದು ಒಂದೂವರೆ ಪಾಲು ಬಲವುಳ್ಳದ್ದು. ಆದ್ದರಿಂದಲೇ ಕೊಳವೆಯ ಗೋಡೆಯನ್ನು ಬಹಳ ತೆಳುವಾಗಿಟ್ಟು ತೂಕ ಉಳಿಸಬಹುದು. ಸಾಮಾನ್ಯವಾಗಿ ಗೋಡೆಯ ದಪ್ಪ 0.035 ಅಂಗುಲ, ಎಂದರೆ ಸುಮಾರು 0.9 ಮಿ.ಮೀ. ಹೆಚ್ಚು ಭಾರ ಬೀಳುವ ಕಡೆ 1.25 ಅಥವಾ 1.65 ಮಿ.ಮೀ. ಮೂರು ನಾಲ್ಕು ಪೋಸ್ಟ್ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಆಗುವಷ್ಟು ದಪ್ಪದ ಗೋಡೆಯ ಮೇಲೆ ಇಬ್ಬರು ಮನುಷ್ಯರ ಪ್ರಾಣ ನಿಂತಿದೆ.

ತೆಳು ಗೋಡೆಯಾದ್ದರಿಂದ ಮೊದಲನೆಯ ತೊಂದರೆ ತೂತು ಬೀಳುವುದು. ನಮ್ಮ ದಾರಿಬದಿಯ ಅಂಗಡಿಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿಗೆ ಬಳಸುವ 3.15 ಮಿ.ಮೀ. ಕರೆಂಟ್ ರಾಡನ್ನು ಇದಕ್ಕೆ ತಾಗಿಸಿದರೆ ಕ್ಷಣದಲ್ಲಿ ಕೊಳವೆ ಸುಟ್ಟು ಜರಡಿಯಾಗುತ್ತದೆ. ಎರಡನೆಯ ತೊಂದರೆ ಇನ್ನೂ ಅಪಾಯಕಾರಿ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. 4130 ಉಕ್ಕು ಕೆಂಪಗೆ ಕಾದು ತಟ್ಟನೆ ಆರಿದರೆ ಗಾಜಿನಂತೆ ಗಡುಸಾಗುತ್ತದೆ. ಕಮ್ಮಾರನು ಕುಡುಗೋಲಿನ ಬಾಯನ್ನು ಕಾಯಿಸಿ ನೀರಿಗೆ ಅದ್ದುವುದು ಇದೇ ತತ್ವದ ಮೇಲೆ. ಕುಡುಗೋಲಿಗೆ ಅದು ಗುಣ, ವಿಮಾನಕ್ಕೆ ಮೃತ್ಯು. ಹಾರುವಾಗ ಎಂಜಿನ್ನಿನ ನಡುಕ ಕ್ಷಣಕ್ಷಣವೂ ಕೊಳವೆಗಳನ್ನು ಅಲುಗಿಸುತ್ತಿರುತ್ತದೆ. ಗಡುಸಾದ ಜಾಗದಲ್ಲಿ ಮೊದಲು ಕೂದಲೆಳೆಯ ಬಿರುಕು, ಆಮೇಲೆ ಒಮ್ಮೆಲೇ ಮುರಿತ. ನನ್ನ ಸೈಕಲ್ಲಿನಂತೆ ಬೆಸುಗೆ ಉಳಿದು, ಪಕ್ಕದ ಕೊಳವೆ ತುಂಡಾಗುತ್ತದೆ.

ಗ್ಯಾಸ್ ಬೆಸುಗೆಯ ಹಿರಿಮೆ ಇರುವುದು ಇಲ್ಲಿಯೇ. ಅದರ ಜ್ವಾಲೆ ನಿಧಾನವಾಗಿ, ಅಗಲವಾಗಿ ಕಾಯಿಸುತ್ತದೆ. ಜ್ವಾಲೆಯನ್ನು ಮೆಲ್ಲಗೆ ಹಿಂದೆ ಸರಿಸಿದರೆ ಕೀಲು ನಿಧಾನವಾಗಿ ಆರುತ್ತದೆ. ಇತ್ತೀಚೆಗೆ ಆರ್ಗಾನ್ ಅನಿಲದ ಆಸರೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವ ‘ಟಿಗ್’ ವಿಧಾನ ಕಾರಖಾನೆಗಳಲ್ಲಿ ಹೆಚ್ಚು ಬಳಕೆಗೆ ಬಂದಿದೆ. ಅದು ಚೊಕ್ಕಟವಾದ, ವೇಗದ ವಿಧಾನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರದ ಬೆಲೆ ಹೆಚ್ಚು. ಅದರ ಬಿಸಿ ಇಕ್ಕಟ್ಟಾದ ಜಾಗದಲ್ಲಿ ನಿಂತು ಬೇಗ ಆರುವುದರಿಂದ ಅದಕ್ಕೂ ತನ್ನದೇ ಆದ ಎಚ್ಚರಿಕೆಗಳು ಬೇಕು. ಕಲಿಯುವ ಹುಡುಗನಿಗೆ ಕರಗಿದ ಲೋಹದ ನಡೆಯನ್ನು ಕಣ್ಣಾರೆ ತೋರಿಸಿಕೊಡಲು ಗ್ಯಾಸಿನಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ.

ಸಲಕರಣೆಯ ಆಯ್ಕೆ

ಮೊದಲು ಅನಿಲ. ಕೆಲವು ಅಂಗಡಿಗಳಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಅಸಿಟಲೀನ್ ತೆಗೆಯುವ ಡ್ರಮ್ಮನ್ನು ಓದುಗರು ನೋಡಿರಬಹುದು. ಮಾವು ಹಣ್ಣು ಮಾಡಲು ಬಳಸುತ್ತಿದ್ದ, ಈಗ ಕಾನೂನು ಆ ಕೆಲಸಕ್ಕೆ ನಿಷೇಧಿಸಿರುವ ಕಾರ್ಬೈಡು ಇದೇ. ಅದರಿಂದ ಬರುವ ಅನಿಲದಲ್ಲಿ ನೀರಿನ ಪಸೆ, ಗಂಧಕ-ರಂಜಕಗಳ ಕಲ್ಮಶ ಸೇರಿರುತ್ತದೆ. ಒತ್ತಡವೂ ಸ್ಥಿರವಲ್ಲ. ವಿಮಾನದ ಕೊಳವೆಗೆ ಇದು ಸಲ್ಲದು. ಅಸಿಟೋನ್ ದ್ರವದಲ್ಲಿ ಕರಗಿಸಿ ತುಂಬಿದ, ಶುದ್ಧೀಕರಿಸಿದ ಅಸಿಟಲೀನ್ ಸಿಲಿಂಡರೇ ಬೇಕು. ನಮ್ಮ ದೇಶದಲ್ಲಿ ಅಸಿಟಲೀನ್ ಸಿಲಿಂಡರಿಗೆ ಕೆಂಗಂದು ಬಣ್ಣ, ಆಮ್ಲಜನಕದ್ದಕ್ಕೆ ಕಪ್ಪು. ಅಸಿಟಲೀನಿನ ಮರೆಗಳು ಎಡಕ್ಕೆ ತಿರುಗುವಂಥವು. ಒಂದರದು ಇನ್ನೊಂದಕ್ಕೆ ಕೂರದಿರಲೆಂದೇ ಈ ಏರ್ಪಾಡು.

ಅಡುಗೆ ಅನಿಲ ಸಾಲದೆ, ಅಗ್ಗವಲ್ಲವೇ ಎಂಬ ಪ್ರಶ್ನೆ ಏಳಬಹುದು. ಉಕ್ಕು ಕತ್ತರಿಸಲು, ಹಿತ್ತಾಳೆ ಬೆಸುಗೆಗೆ ಅಡುಗೆ ಅನಿಲ ನಡೆಯುತ್ತದೆ. ಆದರೆ ಉಕ್ಕನ್ನು ಉಕ್ಕಿಗೆ ಕರಗಿಸಿ ಬೆಸೆಯಲು ಬಾರದು. ಅದರ ಬಿಸಿ ಜ್ವಾಲೆಯ ಹೊರಭಾಗದಲ್ಲಿ ಹರಡಿಹೋಗುತ್ತದೆ. ಬಿಸಿ ಹೆಚ್ಚಿಸಲೆಂದು ಆಮ್ಲಜನಕ ಏರಿಸಿದರೆ ಕರಗಿದ ಉಕ್ಕೇ ಸುಡುತ್ತದೆ. ಅಸಿಟಲೀನಿನ ಜ್ವಾಲೆಯಾದರೋ ಒಳಗಿನ ಬಿಳಿ ಶಂಕುವಿನ ತುದಿಯಲ್ಲಿ 3,000 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಬಿಸಿ ಕೊಡುತ್ತದೆ, ಜೊತೆಗೆ ಹೊರಗಿನ ಗಾಳಿ ತಾಗದಂತೆ ಕರಗಿದ ಲೋಹಕ್ಕೆ ಸೆರಗು ಹೊದಿಸುತ್ತದೆ. ಉಕ್ಕು ಕರಗಲು 1,500 ಡಿಗ್ರಿಯ ಆಸುಪಾಸು ಸಾಕು. ಅಂದರೆ ಬೇಕಾದ್ದಕ್ಕಿಂತ ಇಮ್ಮಡಿ ಬಿಸಿ ನಮ್ಮ ಕೈಯಲ್ಲಿರುತ್ತದೆ. ಅದನ್ನು ಹದದಲ್ಲಿಡುವುದೇ ಜಾಣತನ.

ಆ ಹದಕ್ಕೆ ಎರಡು ಸಾಧನಗಳು ಮುಖ್ಯ. ಒಂದು ರೆಗ್ಯುಲೇಟರ್. ಸಿಲಿಂಡರಿನ ಒತ್ತಡ ಇಳಿಯುತ್ತಾ ಬಂದಂತೆ ಅಗ್ಗದ ರೆಗ್ಯುಲೇಟರಿನಲ್ಲಿ ಜ್ವಾಲೆಯೂ ಬದಲಾಗುತ್ತದೆ. ದಪ್ಪ ಕಬ್ಬಿಣಕ್ಕೆ ಇದು ತಿಳಿಯುವುದೇ ಇಲ್ಲ, ತೆಳು ಕೊಳವೆಗೆ ತಿಳಿಯುತ್ತದೆ. ಎರಡು ಹಂತದಲ್ಲಿ ಒತ್ತಡ ಇಳಿಸುವ ರೆಗ್ಯುಲೇಟರಿಗೆ ಹಣ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇನ್ನೊಂದು ಬ್ಲೋಪೈಪ್. ಅಂಗಡಿಯ ದೊಡ್ಡ ಬ್ಲೋಪೈಪನ್ನೂ ಅದರ ದಪ್ಪ ರಬ್ಬರ್ ನಳಿಗೆಗಳನ್ನೂ ಹಿಡಿದು ಅರ್ಧ ಗಂಟೆ ಕೆಲಸ ಮಾಡಿದರೆ ಮಣಿಕಟ್ಟು ಸೋಲುತ್ತದೆ, ಕೈ ನಡುಗುತ್ತದೆ. ವಿಮಾನದ ಕೀಲುಗಳಲ್ಲಿ ನಾಲ್ಕೈದು ಕೊಳವೆಗಳು ಒಂದೆಡೆ ಕೂಡುವುದರಿಂದ ಅವುಗಳ ಸಂದಿಯಲ್ಲಿ ಬ್ಲೋಪೈಪಿನ ಮೂತಿ ತೂರಬೇಕು. ಹಗುರವಾದ ಸಣ್ಣ ಬ್ಲೋಪೈಪು, ಮೆತ್ತನೆಯ ತೆಳು ನಳಿಗೆ ಇದ್ದರೆ ಪೆನ್ಸಿಲು ಹಿಡಿದಂತೆ ಕೆಲಸ ಸಾಗುತ್ತದೆ.

ನಾಜಲಿನ ಸಂಖ್ಯೆ ಒಂದೊಂದು ತಯಾರಕರದು ಒಂದೊಂದು ಬಗೆ. ಆದ್ದರಿಂದ ಸಂಖ್ಯೆಗಿಂತ ತೂತಿನ ಅಳತೆ ನೋಡುವುದು ಮೇಲು. 0.8ರಿಂದ 1.65 ಮಿ.ಮೀ. ದಪ್ಪದ ಗೋಡೆಗೆ ಸುಮಾರು 0.8 ಮಿ.ಮೀ. ತೂತು, ಅದಕ್ಕಿಂತ ತೆಳುವಾದದ್ದಕ್ಕೆ 0.65 ಮಿ.ಮೀ. ತೂತು ಎಂದು ವಿಮಾನ ದುರಸ್ತಿಯ ಕೈಪಿಡಿಗಳು ಹೇಳುತ್ತವೆ. ನಮ್ಮ ಐ.ಟಿ.ಐ.ಗಳಲ್ಲಿ ಕಲಿಸುವ ಲೆಕ್ಕದಂತೆ 0.8 ಮಿ.ಮೀ. ತಗಡಿಗೆ 1ನೆಯ ನಂಬರು, 1.2ಕ್ಕೆ 2ನೆಯದು, 1.6ಕ್ಕೆ 3ನೆಯದು. ಒತ್ತಡ ಎರಡೂ ಅನಿಲಕ್ಕೆ ಚದರ ಸೆಂಟಿಮೀಟರಿಗೆ 0.15 ಕೆ.ಜಿ.ಯಷ್ಟು ಅಲ್ಪ. ದೊಡ್ಡ ನಾಜಲಿಗೆ ಸಣ್ಣ ಜ್ವಾಲೆ ಇಡುತ್ತೇನೆಂದು ಹೊರಟರೆ ಅದು ಪಟ್ ಪಟ್ ಎಂದು ಸಿಡಿದು ಕರಗಿದ ಲೋಹವನ್ನು ಎರಚುತ್ತದೆ.

ಮಿಕ್ಕವು ಪ್ರಾಣ ಉಳಿಸುವ ಸಾಮಾನುಗಳು. ಬೆಂಕಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಷ್‌ಬ್ಯಾಕ್ ಅರೆಸ್ಟರ್ ಎರಡೂ ನಳಿಗೆಗೂ ಇರಲೇಬೇಕು. ಗ್ಯಾಸ್ ಬೆಸುಗೆಗೆಂದೇ ಇರುವ ಹಸಿರು ಗಾಜಿನ ಕನ್ನಡಕ ಬೇಕು, ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಸಾಲದು. ಆಮ್ಲಜನಕದ ಮರೆಗಳಿಗೆ ಎಣ್ಣೆ, ಗ್ರೀಸು ಸೋಕಿಸಬಾರದು. ಅಸಿಟಲೀನಿಗೆ ತಾಮ್ರದ ಕೊಳವೆ ಜೋಡಿಸಬಾರದು. ಅದರೊಳಗೆ ಸಿಡಿಯುವ ವಸ್ತು ಹುಟ್ಟಿಕೊಳ್ಳುತ್ತದೆ. ನಳಿಗೆಯಲ್ಲಿ ಅಸಿಟಲೀನಿನ ಒತ್ತಡ ಒಂದು ಕೆ.ಜಿ. ದಾಟಬಾರದು, ಸಿಲಿಂಡರನ್ನು ಮಲಗಿಸಿ ಬಳಸಬಾರದು. ಈ ನಿಯಮಗಳಲ್ಲಿ ಒಂದನ್ನು ಮರೆತದ್ದಕ್ಕೆ ಬೆರಳು, ಕಣ್ಣು ಕಳೆದುಕೊಂಡವರಿದ್ದಾರೆ.

ಬಲವಾದ ಕೊಳವೆಗೆ ಮೆತ್ತನೆಯ ರಾಡ್

ಈಗ ಆ ಹುಡುಗನ ಮೂಲ ಪ್ರಶ್ನೆ: ಯಾವ ರಾಡ್?

ನಾನೂ ಮೊದಲು ಹಾಗೆಯೇ ಊಹಿಸಿದ್ದೆ. ಕೊಳವೆ 4130 ಆದರೆ ರಾಡೂ 4130 ಇರಬೇಕು, ಗಟ್ಟಿಗೆ ಗಟ್ಟಿ ಜೋಡಿ ಎಂದು. ಓದಿದಾಗ ಉತ್ತರ ತಲೆಕೆಳಗಾಯಿತು. ಗ್ಯಾಸ್ ಬೆಸುಗೆಗೆ ಸಾಮಾನ್ಯವಾಗಿ ಬಳಸುವುದು ಇಂಗಾಲ ಬಹಳ ಕಡಿಮೆಯಿರುವ ಮೃದು ಉಕ್ಕಿನ ರಾಡ್. ಅಮೇರಿಕದ ಗುರುತಿನಲ್ಲಿ ಇದಕ್ಕೆ ‘ಆರ್.ಜಿ. 45’ ಎನ್ನುತ್ತಾರೆ. 45 ಎಂದರೆ ಚದರ ಅಂಗುಲಕ್ಕೆ 45,000 ಪೌಂಡು ಎಳೆತ ತಡೆಯುವ ಶಕ್ತಿ. ಕೊಳವೆಯ ಶಕ್ತಿಯಾದರೋ 90,000 ಪೌಂಡಿಗೂ ಹೆಚ್ಚು. ಅರ್ಧದಷ್ಟೇ ಬಲದ ರಾಡಿನಿಂದ ಬೆಸೆದ ಕೀಲು ನಿಲ್ಲುವುದು ಹೇಗೆ?

ಕಾರಣ ಮೂರು. ಮೊದಲನೆಯದು, ಬೆಸೆಯುವಾಗ ಕೊಳವೆಯ ಲೋಹವೂ ಕರಗಿ ರಾಡಿನ ಲೋಹದೊಡನೆ ಬೆರೆಯುತ್ತದೆ. ಹಾಲಿಗೆ ಡಿಕಾಕ್ಷನ್ ಬೆರೆತಂತೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತು ಬೆಸುಗೆಯ ಬಲ ರಾಡಿನ ಬಲಕ್ಕಿಂತ ಮೇಲೇರುತ್ತದೆ. ಎರಡನೆಯದು, ಬೆಸುಗೆಯ ಏರಿ ಕೊಳವೆಯ ಗೋಡೆಗಿಂತ ದಪ್ಪ. ಅಲ್ಲದೆ ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ ಕೂರಿಸುವುದರಿಂದ ಬೆಸುಗೆಯ ಗೆರೆ ಉದ್ದವಾಗಿ, ಭಾರ ಹಂಚಿಹೋಗುತ್ತದೆ. ಮೂರನೆಯದೇ ಎಲ್ಲಕ್ಕೂ ಮುಖ್ಯ. ಮೃದು ಬೆಸುಗೆ ಬಾಗುತ್ತದೆ, ಹಿಗ್ಗುತ್ತದೆ, ಆದರೆ ಬಿರಿಯುವುದಿಲ್ಲ. 4130ರದೇ ರಾಡ್ ಹಾಕಿದರೆ ಇಡೀ ಕೀಲನ್ನು ಕುಲುಮೆಯಲ್ಲಿಟ್ಟು ಮತ್ತೆ ಹದಗೊಳಿಸಬೇಕು, ಇಲ್ಲದಿದ್ದರೆ ಅದು ಗಡುಸಾಗಿಯೇ ಉಳಿಯುತ್ತದೆ. ಹನ್ನೆರಡು ಹದಿನೈದು ಅಡಿ ಉದ್ದದ ವಿಮಾನದ ಒಡಲನ್ನು ಯಾವ ಕುಲುಮೆಯಲ್ಲಿಡುವುದು? ಬಿರುಗಾಳಿಗೆ ಸೆಟೆದು ನಿಂತ ಮರ ಬುಡಮೇಲಾಗಿ, ಬಾಗಿದ ಜೊಂಡು ಉಳಿಯಿತೆಂದು ಹಿರಿಯರು ಹೇಳುವುದು ಲೋಹಕ್ಕೂ ಸಲ್ಲುತ್ತದೆ.

ಇದಕ್ಕಿಂತ ತುಸು ಬಲವಾದ ‘ಆರ್.ಜಿ. 60’ ರಾಡೂ ಇದೆ. ನಮ್ಮಲ್ಲಿ ಗ್ಯಾಸ್ ಬೆಸುಗೆಯ ರಾಡುಗಳಿಗೆ ಭಾರತೀಯ ಮಾನಕ ಐ.ಎಸ್. 1278 ಇದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಮಾನಕದ ಗುರುತು, ತಯಾರಕರ ಹೆಸರು, ತಂಡದ ಸಂಖ್ಯೆ ಇವೆಯೇ ಎಂದು ನೋಡಬೇಕು. ಅಂಗಡಿಯವನು ಕಟ್ಟು ಬಿಚ್ಚಿ ಕೊಟ್ಟ ಹೆಸರಿಲ್ಲದ ರಾಡ್, ಬೇಲಿಯ ತಂತಿ, ಬಟ್ಟೆ ನೇತುಹಾಕುವ ಕೊಕ್ಕೆಯ ತಂತಿ ಇವು ಯಾವುವೂ ಬೇಡ. ಅವುಗಳಲ್ಲಿ ಗಂಧಕ ಎಷ್ಟಿದೆ, ಇಂಗಾಲ ಎಷ್ಟಿದೆ ಎಂದು ಯಾರೂ ಅಳೆದಿಲ್ಲ. ಎರಡು ರೂಪಾಯಿಯ ತಂತಿಯಲ್ಲಿ ಉಳಿತಾಯ ಮಾಡಿ ಲಕ್ಷಾಂತರ ರೂಪಾಯಿಯ ವಿಮಾನವನ್ನೂ, ಬೆಲೆ ಕಟ್ಟಲಾಗದ ಜೀವವನ್ನೂ ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ರಾಡಿನ ದಪ್ಪಕ್ಕೆ ಐ.ಟಿ.ಐ. ಹುಡುಗರು ಬಾಯಿಪಾಠ ಮಾಡುವ ಸೂತ್ರವೊಂದಿದೆ. ಬಲದಿಂದ ಎಡಕ್ಕೆ ಬೆಸೆಯುವಾಗ ಲೋಹದ ದಪ್ಪದ ಅರ್ಧಕ್ಕೆ ಒಂದು ಮಿ.ಮೀ. ಕೂಡಿಸಬೇಕು. 0.9 ಮಿ.ಮೀ. ಗೋಡೆಗೆ ಲೆಕ್ಕ ಹಾಕಿದರೆ 1.45 ಬರುತ್ತದೆ, ಎಂದರೆ ಅಂಗಡಿಯಲ್ಲಿ ಸಿಗುವ 1.6 ಮಿ.ಮೀ. ರಾಡ್ ಸರಿಯಾದ ಆಯ್ಕೆ. ದಪ್ಪ ರಾಡ್ ಹಿಡಿದರೆ ಅದು ಕರಗುವಷ್ಟರಲ್ಲಿ ಕೊಳವೆ ತೂತಾಗುತ್ತದೆ. ತೀರ ಸಣ್ಣದಾದರೆ ಕರಗಿದ ಕೊಳಕ್ಕೆ ತಲುಪುವ ಮೊದಲೇ ಹನಿಯಾಗಿ ಉದುರುತ್ತದೆ.

ಈ ರಾಡುಗಳಿಗೆ ತಾಮ್ರದ ತೆಳು ಲೇಪ ಇರುತ್ತದೆ. ಬೆಸುಗೆಗೆ ಬಲ ಕೊಡಲು ಅಲ್ಲ, ತುಕ್ಕು ಹಿಡಿಯದಿರಲು. ಮಳೆ ಅಪರೂಪವಾದ ನಮ್ಮ ಕಡೆಗಿಂತ, ಜೂನ್‌ನಿಂದ ಗೋಡೆಗೂ ಬೂಸು ಹಿಡಿಯುವ ಕಾಸರಗೋಡಿನ ಓದುಗರಿಗೆ ಇದರ ಮಹತ್ವ ಚೆನ್ನಾಗಿ ಅರ್ಥವಾದೀತು. ತುಕ್ಕು ಹಿಡಿದ ರಾಡಿನಿಂದ ಬೆಸುಗೆಯಲ್ಲಿ ಗುಳ್ಳೆಗಳೇಳುತ್ತವೆ. ರಾಡನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಬಳಸುವ ಮೊದಲು ಒಣ ಬಟ್ಟೆಯಿಂದ ಒರೆಸುವುದು ಒಳ್ಳೆಯ ಅಭ್ಯಾಸ.

ಬೆಂಕಿ, ಕೈ, ಕಣ್ಣು

ಸಲಕರಣೆ ಸರಿಯಿದ್ದರೂ ಕೈ ಸರಿಯಿರಬೇಕು. ಕೊಳವೆಯ ತುದಿಯನ್ನು ಅರದಿಂದ ಉಜ್ಜಿ, ಬೆಳಕು ತೂರದಂತೆ ಇನ್ನೊಂದಕ್ಕೆ ಕೂರಿಸಬೇಕು. ಸಂದಿಯನ್ನು ರಾಡಿನಿಂದ ತುಂಬಿಸುತ್ತೇನೆಂದರೆ ಬೆಸುಗೆ ಆರುವಾಗ ಎಳೆದು ಬಿರಿಯುತ್ತದೆ. ಎಣ್ಣೆ, ಬಣ್ಣ, ತುಕ್ಕುಗಳನ್ನು ಮಿನುಗುವವರೆಗೆ ತೆಗೆಯಬೇಕು. ಚೌಕಟ್ಟಿನಲ್ಲಿ ಬಿಗಿದು, ನಾಲ್ಕು ಕಡೆ ಚುಕ್ಕೆ ಬೆಸುಗೆ ಇಟ್ಟು, ಆಮೇಲೆ ಎದುರುಬದುರಾಗಿ ಬೆಸೆಯುತ್ತಾ ಬಂದರೆ ಕೊಳವೆ ಸೊಟ್ಟಗಾಗುವುದಿಲ್ಲ.

ಜ್ವಾಲೆ ಸಮವಾಗಿರಬೇಕು. ಅಸಿಟಲೀನ್ ಹೆಚ್ಚಾದರೆ ಒಳಗಿನ ಶಂಕುವಿಗೆ ಗರಿಯಂಥ ಬಾಲ ಮೂಡುತ್ತದೆ, ಉಕ್ಕಿಗೆ ಇಂಗಾಲ ಸೇರಿ ಅದು ಗಡುಸಾಗುತ್ತದೆ. ಆಮ್ಲಜನಕ ಹೆಚ್ಚಾದರೆ ಶಂಕು ಮೊನಚಾಗಿ ಬುಸುಗುಟ್ಟುತ್ತದೆ, ಉಕ್ಕು ಕಿಡಿ ಹಾರಿಸಿ ಸುಡುತ್ತದೆ. ಗರಿ ಮಾಯವಾಗಿ, ಶಂಕುವಿನ ತುದಿ ದುಂಡಗೆ ನಿಂತಾಗ ಹದ ಬಂದಂತೆ. ಬೆಸುಗೆ ಮುಗಿದ ಮೇಲೆ ಕೀಲಿನ ಸುತ್ತ ಮಂಕು ಕೆಂಪು ಬರುವಷ್ಟು ಜ್ವಾಲೆ ಆಡಿಸಿ, ಮೆಲ್ಲಗೆ ಹಿಂದೆ ಸರಿದು, ಗಾಳಿಯಾಡದ ಜಾಗದಲ್ಲಿ ತಾನಾಗಿ ಆರಲು ಬಿಡಬೇಕು. ನೀರು ಚಿಮುಕಿಸುವ ಮಾತೇ ಇಲ್ಲ. ಆಷಾಢದ ಗಾಳಿ ಬೀಸುವಾಗ ಬಾಗಿಲು ತೆರೆದಿಟ್ಟು ಈ ಕೆಲಸ ಮಾಡಕೂಡದು.

ದುರಸ್ತಿಗೆ ಇನ್ನೂ ಎರಡು ನಿಯಮಗಳಿವೆ. ಹಳೆಯ ಬೆಸುಗೆಯ ಮೇಲೆ ಹೊಸದನ್ನು ಹೇರಬಾರದು. ಹಳೆಯದನ್ನು ಪೂರ್ತಿ ತೆಗೆದು ಬೆಸೆಯಬೇಕು. ಹಿತ್ತಾಳೆ ಬೆಸುಗೆಯ ಜಾಗದ ಮೇಲೆ ಯಾವ ಕಾರಣಕ್ಕೂ ಉಕ್ಕಿನ ಬೆಸುಗೆ ಮಾಡಬಾರದು. ಈ ಎರಡನೆಯ ಸಾಲನ್ನು ಓದುವಾಗ ನನ್ನ ಎಡಗೈ ತಾನಾಗಿ ನೋವಾಯಿತು! ಇನ್ನು, ಬೆಸುಗೆ ಚಂದ ಕಾಣಲೆಂದು ಅರದಿಂದ ಉಜ್ಜಿ ನಯಗೊಳಿಸಬಾರದು. ಉಜ್ಜಿದಷ್ಟೂ ಬಲ ಹೋಗುತ್ತದೆ. ಕೊನೆಗೆ ಕೊಳವೆಯ ಒಳಗೆ ಕಾಯಿಸಿದ ಅಗಸೆ ಎಣ್ಣೆ ಸುರಿದು, ಎಲ್ಲೆಡೆ ಹರಿದಾಡಿಸಿ, ಬಸಿದು, ತೂತು ಮುಚ್ಚುವ ಪದ್ಧತಿಯಿದೆ. ವಿಮಾನದ ಬಾಲದ ಕಡೆ ತಗ್ಗಿನಲ್ಲಿ ಪಸೆ ನಿಂತು ಕೊಳವೆ ಒಳಗಿನಿಂದ ತುಕ್ಕು ಹಿಡಿಯುವುದು ಹಳೆಯ ವಿಮಾನಗಳ ದೊಡ್ಡ ರೋಗ. ಅಗಸೆ ಎಣ್ಣೆ ಅದಕ್ಕೆ ಮದ್ದು.

ಇಷ್ಟೆಲ್ಲ ಕಲಿತರೂ ಯಾರೆಂದರೆ ಅವರು ವಿಮಾನವನ್ನು ಮುಟ್ಟುವಂತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಂತೆ ಪರೀಕ್ಷೆಯಾಗಿ ಅನುಮತಿ ಪಡೆದವರು, ಪರವಾನಗಿ ಇರುವ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬೇಕಾದ ಕೆಲಸವಿದು.

ಗರಗಸ ಹೇಳಿದ ಸತ್ಯ

ನಮ್ಮ ಹುಡುಗನ ಪರೀಕ್ಷೆ ಏನಾಯಿತೆಂದು ಓದುಗರು ಕೇಳಬಹುದು. ಬೆಂಗಳೂರಿನಲ್ಲಿ ಅವನಿಗೆ ಒಂದು ಕೊಳವೆಯನ್ನು ಇನ್ನೊಂದರ ನಡುವಿಗೆ ನಿಲ್ಲಿಸಿ ಬೆಸೆಯಲು ಕೊಟ್ಟರು. ಮೇಲೆ ನೋಡಲು ಬೆಸುಗೆ ಮೀನಿನ ಹುರುಪೆಯಂತೆ ಸಾಲಾಗಿ, ಸುಂದರವಾಗಿ ಬಂದಿತ್ತಂತೆ. ಪರೀಕ್ಷಕರು ಏನೂ ಹೇಳದೆ ಕೀಲನ್ನು ಗರಗಸದಿಂದ ಉದ್ದಕ್ಕೆ ಸೀಳಿದರು. ಒಳಗೆ ಒಂದು ಬದಿಯಲ್ಲಿ ಕಾಲಂಗುಲದಷ್ಟು ಜಾಗದಲ್ಲಿ ರಾಡಿನ ಲೋಹ ಮೇಲೆ ಕೂತಿತ್ತೇ ಹೊರತು ಕೊಳವೆಯ ಬೇರಿಗೆ ಇಳಿದಿರಲಿಲ್ಲ. “ಆರು ತಿಂಗಳು ಬಿಟ್ಟು ಬಾ” ಎಂದು ಕಳಿಸಿದರು.

ಊರಿಗೆ ಬಂದವನು ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ. ಅವನ ತಾಯಿ ಹತ್ತಿ ಬಿಡಿಸಿ ಕೂಡಿಟ್ಟ ಹಣ ಪ್ರಯಾಣಕ್ಕೆ ಖರ್ಚಾಗಿತ್ತು. ಟ್ರಾಲಿ ಅಂಗಡಿಯ ಕೂಲಿಗೆ ಸೇರಿಬಿಡುತ್ತೇನೆಂದು ಹೇಳತೊಡಗಿದ. ಆಗ ನಾನು, “ನೀನು ಎಲ್ಲಿ ತಪ್ಪಿದಿ ಅಂತ ನಿನಗೆ ಅವರು ಸೀಳಿ ತೋರಿಸ್ಯಾರ. ನನ್ನ ಸೈಕಲ್ಲು ಬೆಸೆದವನಿಗೆ ಅದನ್ನ ಯಾರೂ ತೋರಿಸಲಿಲ್ಲ. ಅದಕ್ಕ ನನ್ನ ಕೈ ಮುರೀತು” ಎಂದೆ. ಅವನು ಉತ್ತರ ಹೇಳದೆ ಹೋದ.

ಆ ಬಳಿಕ ಹಗಲು ಟ್ರಾಲಿ ಕೆಲಸ, ಸಂಜೆ ಗುಜರಿಯ ತೆಳು ಪೈಪುಗಳ ಮೇಲೆ ಅಭ್ಯಾಸ. ಬೆಸೆದ ಪ್ರತಿಯೊಂದು ಕೀಲನ್ನೂ ತಾನೇ ಸೀಳಿ ನೋಡುತ್ತಾನೆ, ಇನ್ನೊಂದನ್ನು ವೈಸ್‌ನಲ್ಲಿ ಹಿಡಿದು ಬಾಗಿಸಿ ನೋಡುತ್ತಾನೆ. ಮೊದಲ ತಿಂಗಳು ಹತ್ತರಲ್ಲಿ ಏಳು ಕೆಟ್ಟವು. ಕಳೆದ ತಿಂಗಳು ಒಂದು ಸಂಜೆ ಮನೆಗೆ ಬಂದು, ಸೀಳಿದ ಎರಡು ಹೋಳುಗಳನ್ನು ನನ್ನ ಮೇಜಿನ ಮೇಲಿಟ್ಟ. ಒಳಗೆ ಎಲ್ಲಿ ಕೊಳವೆ ಮುಗಿಯಿತು, ಎಲ್ಲಿ ರಾಡು ಮೊದಲಾಯಿತು ಎಂದು ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. “ಇದು ಸರಿ ಐತ್ರೀ ಸಾರ್. ಆದರ ಹತ್ತರಾಗ ಒಂಬತ್ತು ಹಿಂಗ ಬರ್ತಾವ. ಒಂದು ಇನ್ನೂ ಬರವಲ್ದು” ಎಂದ. “ಒಂಬತ್ತು ಸಾಲದೇನು?” ಎಂದೆ. “ವಿಮಾನದಾಗ ನೂರಾರು ಕೀಲಿರ್ತಾವಲ್ರೀ” ಎಂದ.

ಮುಂದಿನ ತಿಂಗಳು ಅವನು ಮತ್ತೆ ಬೆಂಗಳೂರಿಗೆ ಹೋಗುವವನಿದ್ದಾನೆ. ಆ ಎರಡು ಹೋಳುಗಳು ಈಗ ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿವೆ. ನೂರಕ್ಕೆ ತೊಂಬತ್ತು ಅಂಕ ಬಂತೆಂದು ಬೀಗುವ ಮಕ್ಕಳಿಗೆ ಅವನ್ನು ತೋರಿಸುತ್ತೇನೆ.